ಬ್ರೇಕ್ ಹಿಡಿದಾಗ ಸೈಕಲ್ ನಡುಗುತ್ತಿದೆಯೇ?

“ಉಮ್ಮಾ, ಮುಂದಿನ ಬ್ರೇಕ್ ಹಿಡಿದರೆ ಸೈಕಲ್ ಗಡಗಡ ನಡುಗುತ್ತದೆ. ನಾನು ಹಿಂದಿನದ್ದನ್ನು ಮಾತ್ರ ಹಿಡಿಯುತ್ತೇನೆ.”

ಶಾಲೆಯಿಂದ ಬಂದ ಮಗಳು ಹೀಗೆಂದರೆ “ಸರಿ, ನಿಧಾನ ಹೋಗು” ಎಂದು ಸುಮ್ಮನಾಗಬೇಡಿ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಸೈಕಲನ್ನು ಹೆಚ್ಚು ಬಲವಾಗಿ ತಡೆಯುವುದು ಮುಂದಿನ ಬ್ರೇಕೇ. ಅದನ್ನು ಬಿಟ್ಟು ಇಳಿಜಾರಿನಲ್ಲಿ ಹೋಗುವುದು ಅಪಾಯ.

2006-07ರಲ್ಲಿ ರಾಜ್ಯ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲಾರಂಭಿಸಿದ ಮೇಲೆ ನಮ್ಮ ಎಷ್ಟೋ ಮನೆಗಳ ಅಂಗಳಕ್ಕೆ ಸೈಕಲ್ ಬಂತು. ಆದರೆ ಅದರ ಆರೈಕೆ ಗಂಡಸರ ಕೆಲಸವೆಂದೇ ನಾವು ಬಿಟ್ಟುಬಿಟ್ಟೆವು. ವಾಸ್ತವದಲ್ಲಿ ಇದು ಹೊಲಿಗೆ ಯಂತ್ರಕ್ಕಿಂತ ಸರಳ.

ನಡುಕವೇಕೆ? ರಬ್ಬರ್ ರಿಮ್ಮನ್ನು ಹಿಡಿಯುತ್ತದೆ, ಅದರೊಂದಿಗೆ ತುಸು ಎಳೆಯಲ್ಪಟ್ಟು ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಕ್ಷಣಕ್ಕೆ ಹಲವು ಬಾರಿ ಹೀಗಾದಾಗ ಅದೇ ನಡುಕ. ಎಲ್ಲಾದರೂ ನಟ್ಟು ಸಡಿಲವಿದ್ದರೆ ಅದು ಇನ್ನೂ ಹೆಚ್ಚುತ್ತದೆ.

ಮೊದಲು ರಿಮ್ಮನ್ನು ಸಾಬೂನು ನೀರಿನಿಂದ ತೊಳೆದು ಒಣಬಟ್ಟೆಯಲ್ಲಿ ಒರೆಸಿ. ಚೈನಿಗೆ ಹಾಕುವ ಎಣ್ಣೆ ರಿಮ್ಮಿಗೆ ತಾಗಲೇಬಾರದು. ರಬ್ಬರ್ ನುಣುಪಾಗಿದ್ದರೆ ಉಪ್ಪುಕಾಗದದಿಂದ ಉಜ್ಜಿ. ಅದರ ಗೀರುಗಳು ಸವೆದುಹೋಗಿದ್ದರೆ ಹೊಸದು ಹಾಕಿಸಿ.

ಅನಂತರ ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲುಗಾಡಿಸಿ. ಹ್ಯಾಂಡಲಿನ ಬುಡದಲ್ಲಿ ‘ಟಕ್ ಟಕ್’ ಎಂದರೆ ಅಲ್ಲಿನ ಬೇರಿಂಗ್ ಸಡಿಲವಾಗಿದೆ. ಬ್ರೇಕೇ ಅಲುಗಿದರೆ ಅದನ್ನು ಕೂರಿಸಿದ ನಟ್ಟನ್ನು ಬಿಗಿ ಮಾಡಿ.

ಚಕ್ರವನ್ನು ಎತ್ತಿ ತಿರುಗಿಸಿ. ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ರಬ್ಬರಿಗೆ ತಾಗಿದರೆ ರಿಮ್ಮು ಬೆಂಡಾಗಿದೆ ಅಥವಾ ಕಡ್ಡಿ ಸಡಿಲವಾಗಿದೆ. ಬೆಂಡು ತೆಗೆಯುವುದು ಮತ್ತು ಬೇರಿಂಗಿನ ಕೆಲಸ ಸೈಕಲ್ ಅಂಗಡಿಯವರಿಗಿರಲಿ. ದೋಷ ಎಲ್ಲಿದೆಯೆಂದು ನೀವೇ ತೋರಿಸಿದರೆ ಬೇಡದ ಖರ್ಚು ತಪ್ಪುತ್ತದೆ.

ಇದೆಲ್ಲ ಸರಿಯಿದ್ದೂ ನಡುಗಿದರೆ ರಬ್ಬರಿನ ಓರೆ ನೋಡಿ. ಸೈಕಲ್ ಸಾಗುವ ದಿಕ್ಕಿನ ತುದಿ ಮೊದಲು ರಿಮ್ಮಿಗೆ ತಾಗಬೇಕು. ಮದುವೆ ಕಾಗದದ ದಪ್ಪ ತುಂಡನ್ನು ರಬ್ಬರಿನ ಹಿಂತುದಿ ಮತ್ತು ರಿಮ್ಮಿನ ನಡುವೆ ಇಟ್ಟು, ಮಗಳಿಗೆ ಬ್ರೇಕ್ ಹಿಡಿಯಲು ಹೇಳಿ, ನಟ್ಟು ಬಿಗಿದು, ಕಾಗದ ತೆಗೆಯಿರಿ. ಸುಮಾರು 1 ಮಿಲಿಮೀಟರ್ ಅಂತರ ಸಾಕು. ಓರೆ ಮಾಡಲು ಬಾರದ ಬ್ರೇಕಾದರೆ ಹಿಂತುದಿಯನ್ನು ತುಸು ಉಜ್ಜಿ ತೆಳುವಾಗಿಸಿ. ರಬ್ಬರ್ ಟಯರಿಗೆ ತಾಗದಂತೆ ಜಾಗ್ರತೆ ವಹಿಸಿ.

ಕೊನೆಗೆ ಅಂಗಳದಲ್ಲೇ ನಿಧಾನವಾಗಿ ಓಡಿಸಿ ಪರೀಕ್ಷಿಸಲಿ. ಒಂಟೆಯನ್ನು ಕಟ್ಟಿದ ಮೇಲೆ ಅಲ್ಲಾಹನಲ್ಲಿ ಭರವಸೆ ಇಡಬೇಕೆಂಬುದು ಪ್ರವಾದಿಯವರು(ಸ) ಕಲಿಸಿದ ಪಾಠ. ಮಗಳನ್ನು ಬಿಸ್ಮಿಲ್ಲಾ ಹೇಳಿ ಕಳುಹಿಸುವ ಮುನ್ನ ಬ್ರೇಕನ್ನೊಮ್ಮೆ ಹಿಡಿದು ನೋಡುವುದೂ ಆ ಪಾಠದ ಭಾಗವೇ ಅಲ್ಲವೇ?