ಆರು ವೋಲ್ಟಿನ ಕಾರಿನಲ್ಲಿ ಹನ್ನೆರಡು ವೋಲ್ಟಿನ ಚೋಕು

ಹಳೆಯ ಸ್ಕೂಟರನ್ನು ಬಲ್ಲ ಮನೆಗಳಲ್ಲಿ ಚೋಕು ಎಂಬ ಮಾತು ಹೊಸತಲ್ಲ. ಮಾಗಿಯ ಬೆಳಗ್ಗೆ ಸ್ಕೂಟರು ಹೊರಡದೆ ಹಟ ಹಿಡಿದರೆ ಯಜಮಾನರು ಬಗ್ಗಿ ಒಂದು ಸಣ್ಣ ಹಿಡಿಯನ್ನು ಎಳೆದು, ನಾಲ್ಕು ಸಲ ಒದ್ದು, ಎಂಜಿನು ಹತ್ತಿಕೊಂಡ ಮೇಲೆ ಆ ಹಿಡಿಯನ್ನು ಮರೆಯದೆ ಹಿಂದಕ್ಕೆ ತಳ್ಳುತ್ತಿದ್ದರು. ಅಂಬಾಸಡರ್ ಕಾರಿನಲ್ಲಿಯೂ ಚಾಲಕನ ಮುಂದೆ ಇಂಥದೇ ಒಂದು ಗುಂಡಿಯಿರುತ್ತಿತ್ತು. ಇಂದಿನ ವಾಹನಗಳಲ್ಲಿ ಪೆಟ್ರೋಲನ್ನು ಅಳೆದು ಸಿಂಪಡಿಸುವ ಕೆಲಸವನ್ನು ಗಣಕವೇ ನಡೆಸುವುದರಿಂದ ಕಾರ್ಬುರೇಟರೂ ಇಲ್ಲ, ಚೋಕೂ ಇಲ್ಲ. ಇವೆರಡರ ನಡುವಣ ಕಾಲದಲ್ಲಿ ಮನುಷ್ಯನ ಕೈಯ ನೆರವಿಲ್ಲದೆ ತಾನಾಗಿ ಮುಚ್ಚಿ ತಾನಾಗಿ ತೆರೆದುಕೊಳ್ಳುವ ಒಂದು ಚೋಕು ಬಳಕೆಯಲ್ಲಿತ್ತು. ಹಳೆಯ ಕಾರುಗಳನ್ನು ಜತನದಿಂದ ಕಾಪಾಡುವ ಹವ್ಯಾಸಿಗಳ ಬಳಿ ಅದು ಈಗಲೂ ಕೆಲಸ ಮಾಡುತ್ತಿದೆ. ಕೆಲವೊಮ್ಮೆ ಮಾಡದೆಯೂ ಇರುತ್ತದೆ.

ನನ್ನ ಸಹಪಾಠಿಯೊಬ್ಬರು ಅಮೆರಿಕದ ಒಹಾಯೋ ಪ್ರಾಂತದಲ್ಲಿ ನೆಲಸಿದ್ದಾರೆ. ಅವರಲ್ಲಿ 1963ನೆಯ ಇಸವಿಯ ಒಂದು ಫೋಕ್ಸ್‌ವಾಗನ್ ಬೀಟಲ್ ಕಾರಿದೆ. ಅದರ ಮೂಲದ 1200 ಘನ ಸೆಂಟಿಮೀಟರಿನ ಎಂಜಿನು ಸವೆದುಹೋಗಲು, 1970ರ ಸುಮಾರಿನ 1600 ಘನ ಸೆಂಟಿಮೀಟರಿನ ಎಂಜಿನೊಂದನ್ನು ಅದರ ಕಾರ್ಬುರೇಟರಿನ ಸಮೇತ ಕೊಂಡು ಕೂರಿಸಿದರು. ಬೇಸಗೆಯಲ್ಲಿ ಕಾರು ಸೊಗಸಾಗಿ ಓಡಿತು. ನವೆಂಬರು ಬಂದೊಡನೆ ಕರಿಯ ಹೊಗೆ, ಪೆಟ್ರೋಲಿನ ನಾತ, ಮಸಿ ಹಿಡಿದ ಪ್ಲಗ್ಗುಗಳು. ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು ಹೊರತೆಗೆದರೆ ಅದರಲ್ಲಿಯೂ ಪೆಟ್ರೋಲಿನ ವಾಸನೆ. ಪ್ಲಗ್ಗು ಬದಲಾಯಿಸಿದರು, ಕಾರ್ಬುರೇಟರನ್ನು ಎರಡು ಸಲ ಬಿಚ್ಚಿ ತೊಳೆದರು. ಕಡೆಗೆ ಪಿಸ್ಟನ್ನಿನ ಬಳೆಗಳೇ ಹೋಗಿವೆಯೆಂದು ಬಗೆದು ಎಂಜಿನನ್ನೇ ಬಿಚ್ಚಲು ಅಣಿಯಾದರು. ಆ ಹಂತದಲ್ಲಿ ನನಗೆ ದೂರವಾಣಿ ಬಂತು. “ಏನಯ್ಯಾ ಮೇಷ್ಟ್ರೇ, ನಿನ್ನ ಪುಸ್ತಕದ ವಿದ್ಯೆ ಇದಕ್ಕೇನಾದರೂ ಉಪಯೋಗಕ್ಕೆ ಬಂದೀತೇ?”

ನಾನು ಕಾರಿನ ಕೆಲಸ ಬಲ್ಲವನಲ್ಲ. ಆದರೆ ಬೇಸಗೆಯಲ್ಲಿಲ್ಲದ ದೋಷ ಚಳಿಗಾಲದಲ್ಲಿ ಕಾಣಿಸಿಕೊಂಡರೆ ಮೊದಲು ಸಂಶಯಪಡಬೇಕಾದುದು ಉಷ್ಣತೆಯನ್ನು ಅನುಸರಿಸಿ ನಡೆಯುವ ಭಾಗವನ್ನು. ಆದುದರಿಂದ ಚೋಕಿನ ಸ್ವರೂಪವನ್ನು ಸ್ವಲ್ಪ ವಿವರವಾಗಿ ನೋಡೋಣ.

ಪೆಟ್ರೋಲು ಪೂರ್ತಿಯಾಗಿ ಉರಿಯಲು ಅದರ ತೂಕದ ಸುಮಾರು 14.7ರಷ್ಟು ಗಾಳಿ ಬೇಕು. ಆದರೆ ಉರಿಯುವುದು ದ್ರವವಲ್ಲ, ಅದರ ಆವಿ. ಎಂಜಿನು ತಣ್ಣಗಿರುವಾಗ ಪೆಟ್ರೋಲಿನಲ್ಲಿರುವ ಹಗುರವಾದ ಅಂಶಗಳಷ್ಟೇ ಆವಿಯಾಗಿ, ಉಳಿದುದು ಹನಿಹನಿಯಾಗಿ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಆದಕಾರಣ ಸಾಕಷ್ಟು ಆವಿ ದೊರೆಯಬೇಕಾದರೆ ಅಗತ್ಯಕ್ಕಿಂತ ಬಹಳ ಹೆಚ್ಚು ಪೆಟ್ರೋಲನ್ನು ಸುರಿಯಬೇಕು. ಕಾರ್ಬುರೇಟರಿನ ಬಾಯಿಗೆ ಅಡ್ಡಲಾಗಿ ಒಂದು ಲೋಹದ ಬಿಲ್ಲೆಯನ್ನಿಟ್ಟು ಗಾಳಿಯನ್ನು ತಡೆದರೆ, ಅದರ ಕೆಳಗೆ ಒತ್ತಡ ಇಳಿದು ಪೆಟ್ರೋಲು ಹೆಚ್ಚಾಗಿ ಎಳೆಯಲ್ಪಡುತ್ತದೆ. ಆ ಬಿಲ್ಲೆಯೇ ಚೋಕು. ಎಂಜಿನು ಬಿಸಿಯಾದಂತೆ ಅದು ತೆರೆಯಬೇಕು. ತೆರೆಯದಿದ್ದರೆ ಉರಿಯದ ಪೆಟ್ರೋಲು ಸಿಲಿಂಡರಿನ ಗೋಡೆಯ ಮೇಲಿನ ಎಣ್ಣೆಯ ಪೊರೆಯನ್ನು ತೊಳೆದುಹಾಕಿ, ಕೆಳಗಿಳಿದು ಎಣ್ಣೆಯೊಡನೆ ಬೆರೆಯುತ್ತದೆ. ತೆಳುವಾದ ಎಣ್ಣೆಯಲ್ಲಿ ಓಡುವ ಎಂಜಿನಿಗೆ ಆಯುಷ್ಯ ಕಡಿಮೆ. ಗಾಳಿ ಸಾಲದೆ ಉರಿದ ಪೆಟ್ರೋಲಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವೂ ಹೇರಳವಾಗಿರುತ್ತದೆ. ಚಳಿಯೆಂದು ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಇಂಥ ಎಂಜಿನನ್ನು ನಡೆಸುವುದು ಪ್ರಾಣಕ್ಕೇ ಅಪಾಯ. ಬಾಗಿಲನ್ನು ತೆರೆದಿಡುವಂತೆ ನನ್ನ ಮಿತ್ರರಿಗೆ ನಾನು ಮೊದಲು ಹೇಳಿದುದು ಈ ಕಾರಣದಿಂದ.

ತಾನಾಗಿ ತೆರೆಯುವ ಚೋಕಿನ ಹೃದಯವೆಂದರೆ ಸುರುಳಿ ಸುತ್ತಿದ ಒಂದು ದ್ವಿಲೋಹ ಪಟ್ಟಿ. ಹೆಚ್ಚು ಹಿಗ್ಗುವ ಲೋಹವೊಂದನ್ನೂ ಅತ್ಯಲ್ಪವಾಗಿ ಹಿಗ್ಗುವ ಲೋಹವೊಂದನ್ನೂ ಬೆಸೆದರೆ, ಬಿಸಿಯಾದಾಗ ಪಟ್ಟಿ ಬಾಗಲೇಬೇಕು. ಪಿತ್ತಳೆ ಒಂದು ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 19 ಭಾಗದಷ್ಟು ಹಿಗ್ಗಿದರೆ, 1896ರಲ್ಲಿ ಗಿಯೋಮ್ ಕಂಡುಹಿಡಿದ ಇನ್ವಾರ್ ಎಂಬ ಮಿಶ್ರಲೋಹ ಹಿಗ್ಗುವುದು ಸುಮಾರು ಒಂದು ಭಾಗ ಮಾತ್ರ. (ಆತನಿಗೆ 1920ರಲ್ಲಿ ಭೌತವಿಜ್ಞಾನದ ನೊಬೆಲ್ ಬಹುಮಾನ ಬಂದುದು ಇಂಥ ಮಿಶ್ರಲೋಹಗಳ ಸಂಶೋಧನೆಗಾಗಿ.) ತಣ್ಣಗಿರುವಾಗ ಸುರುಳಿಯು ಬಿಲ್ಲೆಯನ್ನು ಮುಚ್ಚಿ ಹಿಡಿದಿರುತ್ತದೆ, ಬಿಸಿಯಾದಾಗ ತಿರುಗಿ ತೆರೆಯುತ್ತದೆ.

ಅದಕ್ಕೆ ಶಾಖ ಎಲ್ಲಿಂದ? ಅಮೆರಿಕದ ದೊಡ್ಡ ಕಾರುಗಳಲ್ಲಿ ಹೊಗೆಯ ಕೊಳವೆಯ ಬಳಿ ಕಾಯಿಸಿದ ಗಾಳಿಯನ್ನು ಸಣ್ಣ ನಳಿಗೆಯ ಮೂಲಕ ಸುರುಳಿಯ ಬಳಿಗೆ ತರುತ್ತಿದ್ದರು. ಅಂಥ ಕಾರಿಗೆ ಬೇರೆ ಎಂಜಿನನ್ನೋ ಬೇರೆ ಹೊಗೆಕೊಳವೆಯನ್ನೋ ಕೂರಿಸಿದಾಗ ಆ ನಳಿಗೆಗೆ ನೆಲೆಯೇ ಇಲ್ಲವಾಗುತ್ತದೆ. ವಿದ್ಯುತ್ ಚೋಕಿನ ತಂತಿ ಜೋಡಿಸುವ ಪ್ರಸಂಗ ಒದಗುವುದು ಸಾಮಾನ್ಯವಾಗಿ ಹೀಗೆ. ಬೀಟಲ್‌ನದು ನೀರಿಲ್ಲದ, ಗಾಳಿಯಿಂದ ತಣಿಯುವ ಎಂಜಿನು. 1960ರ ಆಗಸ್ಟಿನಿಂದ ತಯಾರಾದ ಬೀಟಲ್‌ಗಳಲ್ಲಿ ಚೋಕಿನ ಮುಚ್ಚಳದೊಳಗೇ ಒಂದು ರೋಧಕ ತಂತಿಯನ್ನಿಟ್ಟು, ಅದರ ಮೂಲಕ ವಿದ್ಯುತ್ತನ್ನು ಹರಿಸಿ ಸುರುಳಿಯನ್ನು ಕಾಯಿಸಿದರು. ಕೀಲಿ ತಿರುವಿದೊಡನೆ ಕಾಯಲಾರಂಭಿಸಿ ಕೆಲವೇ ನಿಮಿಷಗಳಲ್ಲಿ ಚೋಕು ತೆರೆಯುತ್ತದೆ.

ಇಲ್ಲಿಯೇ ತೊಡಕು. 1963ರ ಬೀಟಲ್‌ನ ಬ್ಯಾಟರಿ ಆರು ವೋಲ್ಟಿನದು. ಅಮೆರಿಕಕ್ಕೆ ಕಳುಹಿಸಿದ ಬೀಟಲ್‌ಗಳು ಹನ್ನೆರಡು ವೋಲ್ಟಿಗೆ ಬದಲಾದುದು 1967ರ ಮಾದರಿಯಿಂದ. ನನ್ನ ಮಿತ್ರರು ಇದನ್ನು ಅರಿಯದವರಲ್ಲ. ಎರಡು ಕಾಲದ ಫ್ಲೈವೀಲುಗಳ ಹಲ್ಲುಗಳು ಬೇರೆ (109 ಮತ್ತು 130) ಎಂಬುದನ್ನು ಕಂಡು ಅದನ್ನು ಸರಿಪಡಿಸಿದ್ದರು. ಡೈನಮೊ ಹಾಗೂ ಕಿಡಿ ಹುಟ್ಟಿಸುವ ಕಾಯಿಲನ್ನು ಹಳೆಯ ಎಂಜಿನಿನಿಂದಲೇ ತೆಗೆದುಕೊಂಡಿದ್ದರು. ಕಾರ್ಬುರೇಟರಿನ ಪಕ್ಕದಲ್ಲಿರುವ ವಿದ್ಯುತ್ ಕವಾಟವೊಂದು ಆರು ವೋಲ್ಟಿಗೆ ಮಿಸುಕದೆ, ಕಾಲು ತೆಗೆದೊಡನೆ ಎಂಜಿನು ನಿಂತುಹೋಗುತ್ತಿದ್ದುದರಿಂದ ಅದನ್ನೂ ಬದಲಾಯಿಸಿದ್ದರು. ಚೋಕು ಮಾತ್ರ ಉಳಿದುಕೊಂಡಿತ್ತು, ಏಕೆಂದರೆ ಬೇಸಗೆಯಲ್ಲಿ ಅದು ದೂರಿಗೆ ಎಡೆಗೊಡಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಅನುಕೂಲಕ್ಕಾಗಿ ಹನ್ನೆರಡು ವೋಲ್ಟಿನ ಚೋಕಿನ ತಂತಿಯ ರೋಧ 12 ಓಂ ಎಂದಿಟ್ಟುಕೊಳ್ಳಿ. ಹನ್ನೆರಡು ವೋಲ್ಟಿನಲ್ಲಿ ಅದರಲ್ಲಿ ಹರಿಯುವುದು 1 ಆಂಪಿಯರು. ಹುಟ್ಟುವ ಶಾಖ ಸೆಕೆಂಡಿಗೆ 12 ಜೂಲ್, ಎಂದರೆ 12 ವಾಟು. ಆರು ವೋಲ್ಟಿಗೆ ಸೇರಿಸಿದರೆ ಪ್ರವಾಹ ಅರ್ಧ ಆಂಪಿಯರಿಗಿಳಿಯುತ್ತದೆ. ವೋಲ್ಟೇಜೂ ಅರ್ಧ, ಪ್ರವಾಹವೂ ಅರ್ಧ. ಶಾಖವೋ ಕಾಲುಭಾಗ, ಕೇವಲ 3 ವಾಟು.

“ಹಾಗಾದರೆ ನಾಲ್ಕರಷ್ಟು ಹೊತ್ತು ಹಿಡಿಯುತ್ತದೆ, ಅಷ್ಟೇ ತಾನೆ? ಕಾಯ್ದರಾಯಿತು” ಎಂದರು ಮಿತ್ರರು. ನನ್ನ ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೂ ಹತ್ತರಲ್ಲಿ ಎಂಟು ಮಂದಿ ಇದೇ ಉತ್ತರ ಕೊಡುತ್ತಾರೆ. ಇದು ತಪ್ಪು. ತಳದಲ್ಲಿ ತೂತಿರುವ ಹಂಡೆಗೆ ನೀರು ಬಿಡುತ್ತಿರುವಿರೆಂದು ಭಾವಿಸಿ. ನೀರು ಏರಿದಷ್ಟೂ ಸೋರುವುದು ಹೆಚ್ಚು. ಬರುವುದೂ ಸೋರುವುದೂ ಸಮನಾದ ಮಟ್ಟದಲ್ಲಿ ನೀರು ನಿಲ್ಲುತ್ತದೆ. ನಲ್ಲಿಯನ್ನು ಕಿರಿದು ಮಾಡಿದರೆ ಹಂಡೆ ನಿಧಾನವಾಗಿ ತುಂಬುವುದಿಲ್ಲ. ತುಂಬುವುದೇ ಇಲ್ಲ, ಕೆಳಗಿನ ಮಟ್ಟದಲ್ಲಿಯೇ ನಿಂತುಬಿಡುತ್ತದೆ. ಚೋಕಿನ ಸುರುಳಿಯೂ ಹಾಗೆಯೇ. ಬಿಸಿಯಾದಷ್ಟೂ ಸುತ್ತಣ ಗಾಳಿಗೂ ಲೋಹಕ್ಕೂ ಶಾಖವನ್ನು ಬಿಟ್ಟುಕೊಡುತ್ತದೆ. 12 ವಾಟಿನಿಂದ ಅದರ ಉಷ್ಣತೆ ಕಟ್ಟಕಡೆಗೆ 80 ಡಿಗ್ರಿ ಏರುವುದಾದರೆ, 3 ವಾಟಿನಿಂದ ಏರುವುದು 20 ಡಿಗ್ರಿ. ಒಂದು ಗಂಟೆ ಕಾಯ್ದರೂ ಅಷ್ಟೇ.

ಚೋಕು ಪೂರ್ತಿ ತೆರೆಯಲು 60 ಡಿಗ್ರಿ ಸೆಂಟಿಗ್ರೇಡ್ ಬೇಕೆನ್ನಿ. ಬೇಸಗೆಯ 30 ಡಿಗ್ರಿಯಿಂದ ಹೊರಟ ಸುರುಳಿ 3 ವಾಟಿನಿಂದಲೇ 50ನ್ನು ಮುಟ್ಟುತ್ತದೆ. ಉಳಿದುದನ್ನು ಎಂಜಿನಿನ ಬಿಸಿ ಒದಗಿಸುತ್ತದೆ. ಒಹಾಯೋದ ಚಳಿಯಲ್ಲಿ ಸೊನ್ನೆಗಿಂತ 5 ಡಿಗ್ರಿ ಕೆಳಗಿನಿಂದ ಹೊರಟರೆ ಮುಟ್ಟುವುದು 15ನ್ನು! ಬಿಲ್ಲೆ ಅರೆಮುಚ್ಚಿಯೇ ಇರುತ್ತದೆ. ಈ ಅಂಕಿಗಳು ನಾನು ಎಣಿಸಿಕೊಂಡವು. ಆದರೆ ನವೆಂಬರಿನ ರಹಸ್ಯವನ್ನು ಬಿಡಿಸಲು ಸಾಕು.

ಪರೀಕ್ಷೆ ಸುಲಭ. ಹತ್ತು ನಿಮಿಷ ಎಂಜಿನು ಓಡಿದ ಮೇಲೆ ಚೋಕಿನ ಮುಚ್ಚಳವನ್ನು ಮುಟ್ಟಿ ನೋಡಲು ಹೇಳಿದೆ. ಉಗುರುಬೆಚ್ಚಗಿತ್ತು. ತಂತಿ ಸೇರುವ ತುದಿಗೂ ಕಾರ್ಬುರೇಟರಿನ ಮೈಗೂ ನಡುವೆ ವೋಲ್ಟ್‌ಮೀಟರು ತೋರಿಸಿದುದು 6.9. ಆರು ವೋಲ್ಟಿನ ಕಾರಿನಲ್ಲಿ ಡೈನಮೊ ಓಡುತ್ತಿರುವಾಗ ಅಷ್ಟಿರುವುದು ನ್ಯಾಯವೇ. ಎಂದರೆ ತಂತಿಯಲ್ಲಿ ದೋಷವಿಲ್ಲ, ದೋಷವಿದ್ದುದು ಹೊಂದಿಕೆಯಲ್ಲಿ. ಅಳೆಯುವಾಗ ಕಪ್ಪು ಕಡ್ಡಿಯನ್ನು ಬ್ಯಾಟರಿಗೆ ಹಿಡಿಯದೆ ಕಾರ್ಬುರೇಟರಿನ ಮೈಗೇ ಹಿಡಿಯಬೇಕು. ವಿದ್ಯುತ್ತು ಹಿಂದಿರುಗುವ ದಾರಿ ಅದೇ. ತುಕ್ಕೋ ನಡುವೆ ಸೇರಿಸಿದ ರಟ್ಟೋ ಆ ದಾರಿಯನ್ನು ತಡೆದರೆ, ಬ್ಯಾಟರಿಯ ವೋಲ್ಟೇಜು ಪೂರ್ತಿ ಇದ್ದೂ ಚೋಕು ಕಾಯುವುದಿಲ್ಲ.

ಪರಿಹಾರ ಎರಡು ಬಗೆ. ಆ ಕಾರ್ಬುರೇಟರಿಗೆ ಹೊಂದುವ ಆರು ವೋಲ್ಟಿನ ಚೋಕಿನ ಮುಚ್ಚಳವನ್ನು ತಂದು ಹಾಕುವುದು ಒಂದು. ಇಡೀ ಕಾರನ್ನು ಹನ್ನೆರಡು ವೋಲ್ಟಿಗೆ ಪರಿವರ್ತಿಸುವುದು ಇನ್ನೊಂದು. ಎರಡನೆಯದನ್ನು ಹಿಡಿದವರು ಬ್ಯಾಟರಿ, ಡೈನಮೊ, ನಿಯಂತ್ರಕ, ದೀಪಗಳು, ಹಾರ್ನು ಎಲ್ಲವನ್ನೂ ಬದಲಿಸಿ ಹಳೆಯ ಆರು ವೋಲ್ಟಿನ ಚೋಕನ್ನು ಮರೆಯುವುದುಂಟು. ಆಗ ಲೆಕ್ಕ ತಿರುಗುಮುರುಗು: 3 ಓಂ ರೋಧದ ತಂತಿ ಆರು ವೋಲ್ಟಿನಲ್ಲಿ 12 ವಾಟು ಕೊಡುತ್ತಿದ್ದುದು ಹನ್ನೆರಡರಲ್ಲಿ 48 ವಾಟು ಕೊಡಹೋಗಿ ಸುಟ್ಟುಹೋಗುತ್ತದೆ.

ತಂತಿಯನ್ನು ಎಲ್ಲಿಂದ ತರಬೇಕೆಂಬುದೂ ಮುಖ್ಯ. ಕೀಲಿಯ ಹಿಡಿತದಲ್ಲಿಲ್ಲದ ಕಡೆಯಿಂದ ತಂದರೆ ರಾತ್ರಿಯೆಲ್ಲ ಚೋಕು ಕಾಯುತ್ತಿದ್ದು ಬೆಳಗಾಗುವಾಗ ಬ್ಯಾಟರಿ ಬರಿದು. ಬೀಟಲ್‌ನಲ್ಲಿ ಕಾಯಿಲಿನ 15 ಎಂಬ ಗುರುತಿನ ತುದಿಗೆ ಕೀಲಿ ತಿರುವಿದಾಗ ಪೂರ್ತಿ ವೋಲ್ಟೇಜು ಬರುವುದರಿಂದ ಚೋಕಿನ ತಂತಿಯನ್ನು ಅಲ್ಲಿಗೇ ಸೇರಿಸುತ್ತಾರೆ. ಇದನ್ನು ನೋಡಿ ಹಳೆಯ ಅಮೆರಿಕನ್ ಕಾರಿನಲ್ಲಿ ಹಾಗೆ ಮಾಡಬಾರದು. ಅಂಥ ಬಹಳಷ್ಟು ಕಾರುಗಳಲ್ಲಿ ಕಾಯಿಲಿಗೆ ಮುನ್ನ ಒಂದು ರೋಧವಿದ್ದು, ಕಾಯಿಲಿಗೆ ತಲುಪುವ ವೋಲ್ಟೇಜು ಕಡಿಮೆ. ಅಲ್ಲಿ ಚೋಕನ್ನು ಸೇರಿಸಿದರೆ ಚೋಕೂ ಕಾಯದು, ಕಿಡಿಯೂ ಸೊರಗುತ್ತದೆ. ಫೋರ್ಡ್ ಕಂಪೆನಿಯವರು ಆಲ್ಟರ್ನೇಟರಿನ ಒಂದು ತುದಿಯಿಂದ ಸುಮಾರು ಅರ್ಧ ವೋಲ್ಟೇಜನ್ನು ಪಡೆದು, ಅದಕ್ಕೆ ತಕ್ಕಂತೆಯೇ ಚೋಕನ್ನು ರಚಿಸಿದ್ದರು. ಎಂಜಿನು ಓಡಿದರೆ ಮಾತ್ರ ಅಲ್ಲಿ ವಿದ್ಯುತ್ತು. ಕೀಲಿ ತಿರುವಿ ಹರಟುತ್ತ ಕುಳಿತರೆ ಚೋಕು ವ್ಯರ್ಥವಾಗಿ ತೆರೆದುಕೊಳ್ಳುವುದಿಲ್ಲ. ಜಾಣತನದ ಏರ್ಪಾಡು. ಆದರೆ ಆ ತುದಿಗೆ ಸಾಮಾನ್ಯವಾದ ಹನ್ನೆರಡು ವೋಲ್ಟಿನ ಚೋಕನ್ನು ಸೇರಿಸಿದರೆ ಮತ್ತೆ ಅದೇ ಕಾಲುಭಾಗದ ಶಾಖ. ಎಲ್ಲಿಂದ ತಂದರೂ ಹೊಸದಾಗಿ ಎಳೆದ ತಂತಿಗೆ, ಅದು ಹೊರಡುವ ಕಡೆಯಲ್ಲಿಯೇ, ಒಂದು ಫ್ಯೂಸಿರಬೇಕು. ಚೋಕು ಬಯಸುವುದು ಒಂದೆರಡು ಆಂಪಿಯರು ಮಾತ್ರ, ನಿಜ. ಆದರೆ ತಂತಿಯ ಹೊದಿಕೆ ಉಜ್ಜಿ ಲೋಹಕ್ಕೆ ತಗುಲಿದರೆ ಬ್ಯಾಟರಿ ಕೊಡುವುದು ನೂರಾರು ಆಂಪಿಯರು. ಪೆಟ್ರೋಲಿನ ಕೊಳವೆಯ ಪಕ್ಕದಲ್ಲಿ ಕೆಂಪಗೆ ಕಾದ ತಂತಿ ಯಾರಿಗೆ ಬೇಕು?

ಮಿತ್ರರು ಆರು ವೋಲ್ಟಿನ ಮುಚ್ಚಳವನ್ನೇ ತರಿಸಿದರು. ಮೂರು ತಿರುಪುಗಳನ್ನು ಸಡಿಲಿಸಿ, ಮುಚ್ಚಳದ ಗೆರೆಯನ್ನು ಕಾರ್ಬುರೇಟರಿನ ನಡುಗುರುತಿಗೆ ಸರಿಯಾಗಿ ನಿಲ್ಲಿಸಿ ಬಿಗಿದರು. ಪೆಟ್ರೋಲು ಬೆರೆತ ಎಣ್ಣೆಯನ್ನು ಚೆಲ್ಲಿ ಹೊಸತನ್ನು ತುಂಬಿದರು. ಮರುದಿನ ಮುಂಜಾನೆ ಕಾಲಿನಿಂದ ಒಮ್ಮೆ ಒತ್ತಿ (ಹಾಗೆ ಒತ್ತದಿದ್ದರೆ ಬಿಲ್ಲೆ ಮುಚ್ಚುವುದಿಲ್ಲ) ಎಂಜಿನನ್ನು ಹೊರಡಿಸಿ, ಗಡಿಯಾರ ಹಿಡಿದು ನಿಂತರಂತೆ. ನಾಲ್ಕನೆಯ ನಿಮಿಷದಲ್ಲಿ ಬಿಲ್ಲೆ ನೆಟ್ಟಗೆ ನಿಂತಿತು; ಹೊಗೆ ತಿಳಿಯಾಯಿತು. ಎಂಜಿನು ಬಿಚ್ಚಲೆಂದು ಮೊದಲೇ ಕೊಂಡಿದ್ದ ಪಿಸ್ಟನ್ ಬಳೆಗಳು ಕಾಗದದ ಪೆಟ್ಟಿಗೆಯೊಳಗೆ ಅವರ ಕೊಟ್ಟಿಗೆಯ ಗೂಡಿನಲ್ಲಿ ಇನ್ನೂ ಹಾಗೆಯೇ ಇವೆ.