ಶೀಲಶಿಕ್ಷಣವೂ ತರಗತಿಯ ಸನ್ನಿವೇಶವೂ

ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ಸುಶೀಲವನ್ನು ಬೆಳೆಸಬೇಕೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ. ಬೆಳೆಸುವ ಬಗೆ ಯಾವುದು ಎಂಬಲ್ಲಿ ಮಾತ್ರ ನಮ್ಮ ವಿಚಾರ ಇನ್ನೂ ತಿಳಿಯಾಗಿಲ್ಲ. ಗಣಿತ ಭೂಗೋಳಗಳಂತೆ ನೀತಿಯನ್ನೂ ಒಂದು ಪಾಠವಾಗಿ ಬೋಧಿಸಿದರೆ ಅದು ಮಗುವಿಗೆ ಕರಗತವಾಗುವುದೆಂಬ ನಂಬಿಕೆ ಬಲವಾಗಿದೆ. 1964–66ರ ಕೊಠಾರಿ ಆಯೋಗವು ವಾರಕ್ಕೆ ಒಂದೆರಡು ಅವಧಿಗಳನ್ನು ನೈತಿಕ ಶಿಕ್ಷಣಕ್ಕೆ ಮೀಸಲಿಡಬೇಕೆಂದು ಸೂಚಿಸಿತು. ಜೊತೆಗೆ ಶಾಲೆಯ ವಾತಾವರಣದ ಮತ್ತು ಉಪಾಧ್ಯಾಯರ ವ್ಯಕ್ತಿತ್ವದ ಪ್ರಭಾವವನ್ನೂ ಒತ್ತಿ ಹೇಳಿತು. ವೇಳಾಪಟ್ಟಿಯಲ್ಲಿ ಬರೆಯಬಹುದಾದ ಮೊದಲ ಮಾತು ಜನರ ನೆನಪಿನಲ್ಲಿ ಉಳಿದಷ್ಟು ಎರಡನೆಯದು ಉಳಿದಂತೆ ಕಾಣುವುದಿಲ್ಲ.

ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ಹೇಳಿರುವ ಒಂದು ಪ್ರಸಂಗ ಎಲ್ಲರಿಗೂ ತಿಳಿದದ್ದೇ. ರಾಜಕೋಟೆಯಲ್ಲಿ ಅವರು ಹೈಸ್ಕೂಲಿನ ಮೊದಲ ವರ್ಷದಲ್ಲಿದ್ದಾಗ ಜೈಲ್ಸ್ ಎಂಬ ವಿದ್ಯಾಧಿಕಾರಿಯು ತನಿಖೆಗೆ ಬಂದು ಐದು ಇಂಗ್ಲಿಷ್ ಶಬ್ದಗಳನ್ನು ಬರೆಯಿಸಿದನು. ಅವುಗಳಲ್ಲಿ ‘ಕೆಟಲ್’ ಎಂಬುದನ್ನು ಬಾಲಕ ಗಾಂಧಿ ತಪ್ಪಾಗಿ ಬರೆದನು. ಉಪಾಧ್ಯಾಯರು ಬೂಟಿನ ತುದಿಯಿಂದ ಒತ್ತಿ, ಪಕ್ಕದವನ ಹಲಗೆಯನ್ನು ನೋಡಿ ಬರೆಯೆಂದು ಸನ್ನೆಮಾಡಿದರು. ಬಾಲಕನಿಗೆ ಸನ್ನೆಯೇ ಅರ್ಥವಾಗಲಿಲ್ಲ. ನೋಡಿ ಬರೆಯದಂತೆ ಕಾಯುವುದಕ್ಕೇ ಉಪಾಧ್ಯಾಯರು ಅಲ್ಲಿರುವರೆಂದು ಅವನು ತಿಳಿದಿದ್ದನು. ಉಳಿದವರೆಲ್ಲರ ಶಬ್ದಗಳೂ ಸರಿಯಾಗಿದ್ದುವು.

ಈ ಕಥೆಯನ್ನು ನಾವು ಆ ಒಬ್ಬ ಬಾಲಕನಿಗಾಗಿ ಹೇಳುತ್ತೇವೆ. ಶಿಕ್ಷಣಶಾಸ್ತ್ರದ ವಿದ್ಯಾರ್ಥಿಯು ಉಳಿದವರ ಕಡೆಗೂ ತಿರುಗಿ ನೋಡಬೇಕು. ಅವರಲ್ಲಿ ನೋಡಿ ಬರೆದವರು ಯಾರಾದರೂ ಇದ್ದಿದ್ದರೆ ಅವರನ್ನು ದುಶ್ಶೀಲರೆನ್ನಬಹುದೆ? ತನಿಖೆಯ ದಿನ ಶಾಲೆಯ ಮಾನ ಉಳಿಯಬೇಕಾಗಿತ್ತು. ಮಾನ ಉಳಿಸುವ ದಾರಿಯನ್ನು ಗುರುವೇ ತೋರಿಸುತ್ತಿದ್ದನು. ಅಂದಿನ ನಿಜವಾದ ನೀತಿಪಾಠ ಆ ಸನ್ನೆಯಲ್ಲಿತ್ತು.

ಇದು ಬರಿಯ ಊಹೆಯಲ್ಲವೆಂಬುದಕ್ಕೆ ಆಧಾರವುಂಟು. 1924ರಿಂದ ಕೆಲವು ವರ್ಷಕಾಲ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದ ಟೀಚರ್ಸ್ ಕಾಲೇಜಿನಲ್ಲಿ ಹಾರ್ಟ್‌ಷೋರ್ನ್ ಮತ್ತು ಮೇ ಎಂಬ ವಿದ್ವಾಂಸರು ಹತ್ತು ಸಾವಿರಕ್ಕೂ ಮಿಕ್ಕ ಮಕ್ಕಳ ಪ್ರಾಮಾಣಿಕತೆಯನ್ನು ಪರೀಕ್ಷಿಸಿದರು. ಅವರ ವರದಿ 1928ರಿಂದ 1930ರವರೆಗೆ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಮಕ್ಕಳ ಉತ್ತರಪತ್ರಗಳನ್ನು ಸಂಗ್ರಹಿಸಿ, ಗುಟ್ಟಾಗಿ ಅವುಗಳ ಪ್ರತಿಮಾಡಿಕೊಂಡು, ಮರುದಿನ ಹಿಂದಿರುಗಿಸಿ, ಅವರವರ ಉತ್ತರಗಳನ್ನು ಅವರವರೇ ತಿದ್ದಿಕೊಳ್ಳುವಂತೆ ಹೇಳುವುದು ಅವರ ಒಂದು ಕ್ರಮ. ಯಾರು ಏನನ್ನು ಬದಲಾಯಿಸಿದರೆಂಬುದು ಪ್ರತಿಯನ್ನು ಹೋಲಿಸಿದಾಗ ತಿಳಿಯುತ್ತಿತ್ತು. ಕಣ್ಣು ಮುಚ್ಚಿ ಆಡಬೇಕಾದ ಆಟಗಳು, ಮನೆಯಲ್ಲಿ ಮಾಡಿ ತರಬೇಕಾದ ಲೆಕ್ಕಗಳು, ಕೈಗೆ ಸಿಗುವಂತೆ ಇಟ್ಟ ಹಣ—ಹೀಗೆ ಪರೀಕ್ಷೆಗಳು ಹಲವಾಗಿದ್ದುವು. (ಮೋಸವನ್ನು ಅಳೆಯಹೊರಟವರು ಮಕ್ಕಳಿಗೆ ತಾವೇ ಒಂದು ಬಗೆಯ ಮೋಸ ಮಾಡಬೇಕಾಯಿತೆಂಬುದು ಈ ಪ್ರಯೋಗದ ವಿಪರ್ಯಾಸ. ಅಂತಹ ಪ್ರಯೋಗ ಇಂದು ಸುಲಭವಾಗಿ ಒಪ್ಪಿಗೆ ಪಡೆಯಲಾರದು.)

ಫಲಿತಾಂಶವು ನೀತಿಬೋಧಕರಿಗೆ ಹಿತವಾಗಿರಲಿಲ್ಲ. ಪರೀಕ್ಷೆಯಲ್ಲಿ ಮೋಸಮಾಡಿದ ಮಗು ಆಟದಲ್ಲಿಯೂ ಮೋಸಮಾಡುವುದೆಂದು ಹೇಳುವಂತಿರಲಿಲ್ಲ. ಯಾವಾಗಲೂ ಪ್ರಾಮಾಣಿಕರಾದವರು ಕೆಲವರು, ಯಾವಾಗಲೂ ವಂಚಿಸುವವರು ಕೆಲವರು. ಬಹುಮಂದಿ ಇವೆರಡರ ನಡುವೆ ಸಂದರ್ಭಕ್ಕೆ ತಕ್ಕಂತೆ ನಡೆದರು. ಯಾವುದು ಸರಿಯೆಂದು ಚೆನ್ನಾಗಿ ಬಲ್ಲ ಮಗು ಹಾಗೆಯೇ ನಡೆಯುವುದೆಂಬ ನಿಶ್ಚಯವೂ ಇರಲಿಲ್ಲ. ನಮಗೆ ಮುಖ್ಯವಾದ ಇನ್ನೊಂದು ಅಂಶವುಂಟು: ಒಂದೇ ತರಗತಿಯ ಮಕ್ಕಳ ನಡತೆಯಲ್ಲಿ ಹೋಲಿಕೆ ಕಂಡುಬಂತು; ಉಪಾಧ್ಯಾಯರಿಗೂ ಮಕ್ಕಳಿಗೂ ಸ್ನೇಹವಿದ್ದ ತರಗತಿಗಳಲ್ಲಿ ವಂಚನೆ ಕಡಮೆಯಾಗಿತ್ತು. ಇದೇ ಅಂಕಿಗಳನ್ನು 1963ರಲ್ಲಿ ಮರಳಿ ವಿಶ್ಲೇಷಿಸಿದ ಬರ್ಟನ್ ಎಂಬವರು, ಪ್ರಾಮಾಣಿಕತೆಯಲ್ಲಿ ಎಲ್ಲ ಸಂದರ್ಭಗಳಿಗೂ ಸಾಮಾನ್ಯವಾದ ಅಂಶ ಸ್ವಲ್ಪಮಟ್ಟಿಗೆ ಇದ್ದೇ ಇದೆಯೆಂದು ತೋರಿಸಿದರು. ಆದುದರಿಂದ ಶೀಲವೆಂಬುದು ಸಂದರ್ಭದ ನೆರಳು ಮಾತ್ರವೆನ್ನುವುದು ಅತಿಯಾದೀತು. ಸಂದರ್ಭವನ್ನು ಮರೆಯುವುದು ಅದಕ್ಕಿಂತ ದೊಡ್ಡ ತಪ್ಪು.

ವಯಸ್ಸಿನ ಪ್ರಶ್ನೆಯೂ ಒಂದಿದೆ. ಸ್ವಿಟ್ಜರ್ಲೆಂಡಿನ ಪಿಯಾಜೆ 1932ರ ತಮ್ಮ ಗ್ರಂಥದಲ್ಲಿ, ಅರಿಯದೆ ಹದಿನೈದು ಬಟ್ಟಲುಗಳನ್ನು ಒಡೆದ ಹುಡುಗನ ಮತ್ತು ಕದ್ದು ತಿನ್ನಲು ಹೋಗಿ ಒಂದೇ ಬಟ್ಟಲನ್ನು ಒಡೆದ ಹುಡುಗನ ಕಥೆಗಳನ್ನು ಮಕ್ಕಳ ಮುಂದಿಟ್ಟರು. ಚಿಕ್ಕವರಲ್ಲಿ ಅನೇಕರು ಹದಿನೈದು ಒಡೆದವನೇ ಹೆಚ್ಚು ತಪ್ಪಿತಸ್ಥನೆಂದರು. ದೊಡ್ಡವರು ಉದ್ದೇಶವನ್ನು ಗಮನಿಸಿದರು. ಉದ್ದೇಶವನ್ನು ಸ್ಪಷ್ಟವಾಗಿ ತಿಳಿಸಿದರೆ ಎಳೆಯ ಮಕ್ಕಳೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವರೆಂದು ಮುಂದಿನ ಸಂಶೋಧನೆಗಳು ತಿಳಿಸಿದುವು. ಮಸಿಕುಡಿಕೆ ಉರುಳಿಸಿದ ಮಗುವನ್ನೂ ಮಸಿಯನ್ನು ಬೇಕೆಂದೇ ಎರಚಿದ ಮಗುವನ್ನೂ ಒಂದೇ ರೀತಿಯಲ್ಲಿ ದಂಡಿಸುವ ತರಗತಿಯಲ್ಲಿ ಈ ವಿವೇಕ ಬೆಳೆಯುವುದಾದರೂ ಹೇಗೆ?

ನಮ್ಮ ಪುಣ್ಯಕೋಟಿಯ ಕಥೆಯನ್ನೇ ತೆಗೆದುಕೊಳ್ಳೋಣ. ಕನ್ನಡ ನಾಡಿನಲ್ಲಿ ಅದನ್ನು ಕೇಳಿ ಕಣ್ಣು ತೇವಮಾಡಿಕೊಳ್ಳದ ಮಗು ವಿರಳ. ತಬ್ಬಲಿಯಾಗಲಿರುವ ಕರುವಿನ ಸಂಕಟವನ್ನು ಮಗು ತನ್ನದಾಗಿ ಅನುಭವಿಸುತ್ತದೆ. ಹಸುವು ಹಿಂದಿರುಗಲೇಬೇಕಾಗಿತ್ತೆ, ಹುಲಿಯೇಕೆ ಪ್ರಾಣಬಿಟ್ಟಿತು, ಎಂದು ಕೇಳಲು ಅದು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ನಾವು ‘ಈ ಪದ್ಯದ ನೀತಿಯೇನು?’ ಎಂದು ಎರಡು ಅಂಕದ ಪ್ರಶ್ನೆ ಹಾಕುತ್ತೇವೆ. ಉತ್ತರವು ಕರಿಹಲಗೆಯ ಮೇಲಿದೆ. ಮಗು ಅದನ್ನು ನಕಲು ಮಾಡಿ ಬಾಯಿಪಾಠ ಮಾಡುತ್ತದೆ. ನೆನಪು ಕೈಕೊಟ್ಟರೆ ಪಕ್ಕದವನನ್ನು ನೋಡಿ ‘ಸತ್ಯವನ್ನೇ ನುಡಿಯಬೇಕು’ ಎಂದು ಬರೆಯುವುದೂ ಅಸಂಭವವಲ್ಲ.

ಕಥೆಯನ್ನು ಬಿಡಬೇಕೆಂದು ಇದರ ಅರ್ಥವಲ್ಲ; ಹರಿಶ್ಚಂದ್ರ ನಾಟಕವು ಬಾಲಕ ಗಾಂಧಿಯನ್ನು ಎಷ್ಟು ಕಾಡಿತೆಂಬುದು ಅದೇ ಆತ್ಮಕಥೆಯಲ್ಲಿದೆ. ಆದರೆ ಆ ನಾಟಕದ ನೀತಿಯನ್ನು ಅವರಿಂದ ಯಾರೂ ಪರೀಕ್ಷೆಯಲ್ಲಿ ಬರೆಯಿಸಲಿಲ್ಲ. ಕಥೆ ಮುಗಿದ ಮೇಲೆ ಮಕ್ಕಳ ಪ್ರಶ್ನೆಗಳಿಗೆ ಅರ್ಧ ಗಂಟೆ ಬಿಟ್ಟುಕೊಡುವುದು, ವಾರದ ಕಿರುಪರೀಕ್ಷೆಯನ್ನು ಅಂಕವಿಲ್ಲದೆ ನಡೆಸಿ ತಪ್ಪುಗಳನ್ನು ಮಕ್ಕಳೇ ಗುರುತಿಸಿ ಹೇಳುವಂತೆ ಮಾಡುವುದು, ತಪ್ಪೊಪ್ಪಿಕೊಂಡ ಮಗುವಿಗೆ ಒಪ್ಪಿಕೊಂಡುದಕ್ಕಾಗಿ ನಷ್ಟವಾಗದಂತೆ ನೋಡಿಕೊಳ್ಳುವುದು—ಇವು ಸಾಮಾನ್ಯ ಶಾಲೆಯಲ್ಲಿಯೂ ಸಾಧ್ಯವಾದುವು. 2009ರ ಶಿಕ್ಷಣ ಹಕ್ಕು ಕಾಯಿದೆಯು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಹೆದರಿದ ಮಗು ಮೊದಲು ಕಲಿಯುವ ವಿದ್ಯೆ ಸುಳ್ಳಾದುದರಿಂದ, ಆ ನಿಷೇಧವನ್ನು ಶೀಲಶಿಕ್ಷಣದ ಅಂಗವೆಂದೇ ಎಣಿಸಬೇಕು.

ದಕ್ಷಿಣ ಆಫ್ರಿಕದಲ್ಲಿ 1910ರಲ್ಲಿ ಆರಂಭವಾದ ಟಾಲ್‌ಸ್ಟಾಯ್ ಫಾರಂನಲ್ಲಿ ಗಾಂಧೀಜಿಯವರು ತಾವೇ ಉಪಾಧ್ಯಾಯರಾಗಿದ್ದರು. ಹಟಮಾರಿಯಾದ ಒಬ್ಬ ಹುಡುಗನನ್ನು ಒಮ್ಮೆ ರೂಲುದೊಣ್ಣೆಯಿಂದ ಹೊಡೆದರು. ಹೊಡೆಯುವಾಗ ಅವರ ಮೈ ನಡುಗಿತು. ಹುಡುಗನು ಅತ್ತು ಕ್ಷಮೆ ಬೇಡಿದನು. ತಾವು ಅಂದು ಆ ಹುಡುಗನಿಗೆ ತೋರಿಸಿದ್ದು ತಮ್ಮೊಳಗಿನ ಪಶುವನ್ನೇ ಎಂಬ ಪಶ್ಚಾತ್ತಾಪ ಮಾತ್ರ ಅವರನ್ನು ಬಹುಕಾಲ ಬಿಡಲಿಲ್ಲ.