ವಹಿವಾಟು ಹೆಚ್ಚಿತು, ಲಾಭ ಹೆಚ್ಚಿತೇ?

ದೀಪಾವಳಿ ಪಾಡ್ಯದಂದು ಹೊಸ ಖಾತೆ ಪುಸ್ತಕಕ್ಕೆ ಪೂಜೆ ಸಲ್ಲಿಸುವ ಪದ್ಧತಿ ನಮ್ಮ ವ್ಯಾಪಾರಸ್ಥ ಮನೆತನಗಳಲ್ಲಿ ಇಂದಿಗೂ ಉಳಿದು ಬಂದಿದೆ. ಪೂಜಿಸಿದ ಪುಸ್ತಕವನ್ನು ಓದುವ ಶ್ರದ್ಧೆ ಮಾತ್ರ ನಮ್ಮಲ್ಲಿ ಕಡಿಮೆ ಎಂದರೆ ಬಂಧುಗಳು ಬೇಸರಿಸಬಾರದು. ವರ್ಷದ ಒಟ್ಟು ಮಾರಾಟವನ್ನಷ್ಟೇ ನೋಡುತ್ತೇವೆ; ಅದು ಹೆಚ್ಚಿದ್ದರೆ ಸಂತೋಷಪಟ್ಟು ಎರಡನೆಯ ಅಂಗಡಿಯ ಮಾತೆತ್ತುತ್ತೇವೆ. ಮನೆಯ ಪತ್ರ ಬ್ಯಾಂಕಿಗೆ ಹೊರಡುವುದು ಅಲ್ಲಿಂದಲೇ.

ಒಂದು ಜವಳಿ ಅಂಗಡಿಯ ಲೆಕ್ಕವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಹೋದ ವರ್ಷದ ಮಾರಾಟ 40 ಲಕ್ಷ ರೂಪಾಯಿ, ಮಾರಿದ ಮಾಲಿನ ಅಸಲು 32 ಲಕ್ಷ, ಬಾಡಿಗೆ, ಸಂಬಳ, ಬಡ್ಡಿ ಮುಂತಾದ ಖರ್ಚು 5 ಲಕ್ಷ. ಉಳಿದದ್ದು 3 ಲಕ್ಷ. ಈ ವರ್ಷ ಮಾರಾಟ 50 ಲಕ್ಷಕ್ಕೇರಿತು. ಆದರೆ ಅಸಲು 41.5 ಲಕ್ಷ, ಖರ್ಚು 6 ಲಕ್ಷ, ಉಳಿದದ್ದು 2.5 ಲಕ್ಷ. ಮಾರಾಟ ಶೇಕಡಾ 25ರಷ್ಟು ಏರಿದಾಗ ಲಾಭ ಇಳಿದದ್ದು ಹೇಗೆ?

ಇಂತಹ ಇಳಿತದ ಮೂಲ ಅನೇಕ ವೇಳೆ ರಿಯಾಯಿತಿಯಲ್ಲಿರುತ್ತದೆ. 100 ರೂಪಾಯಿಗೆ ಕೊಂಡ ಬಟ್ಟೆಯನ್ನು 125ಕ್ಕೆ ಮಾರುವವರು ಶೇಕಡಾ 25 ಲಾಭ ಎನ್ನುತ್ತಾರೆ. ಅಸಲಿನ ಮೇಲೆ ಅದು ನಿಜ. ಮಾರಾಟದ ಮೇಲೆ ಲೆಕ್ಕ ಹಾಕಿದರೆ 20 ಮಾತ್ರ. ಶೇಕಡಾ 10 ರಿಯಾಯಿತಿ ಕೊಟ್ಟರೂ 15 ಉಳಿಯುತ್ತದೆಂಬ ಭ್ರಮೆ ಹುಟ್ಟುವುದು ಇವೆರಡನ್ನು ಬೆರೆಸಿದಾಗ. 125ರಲ್ಲಿ ಶೇಕಡಾ 10 ಎಂದರೆ 12 ರೂಪಾಯಿ 50 ಪೈಸೆ. ಬಿಟ್ಟುಕೊಟ್ಟದ್ದು ಬೆಲೆಯ ಹತ್ತರಲ್ಲೊಂದು ಪಾಲು, ಆದರೆ ಲಾಭದ ಅರ್ಧ. ಮೊದಲಿನಷ್ಟೇ ಗಳಿಸಲು ಎರಡು ಪಟ್ಟು ಬಟ್ಟೆ ಮಾರಬೇಕು.

ಇನ್ನು ಆ 2.5 ಲಕ್ಷವಾದರೂ ಗಲ್ಲಾದಲ್ಲಿದೆಯೇ? ಗಿರಾಕಿಗಳ ಉದ್ರಿ 4 ಲಕ್ಷದಿಂದ 9 ಲಕ್ಷಕ್ಕೆ, ದಾಸ್ತಾನು 10 ಲಕ್ಷದಿಂದ 13 ಲಕ್ಷಕ್ಕೆ ಬೆಳೆದಿದ್ದರೆ ಹೆಚ್ಚುವರಿ 8 ಲಕ್ಷ ಅಲ್ಲಿ ಸಿಲುಕಿತು. ಅದರಲ್ಲಿ ಲಾಭವನ್ನು ಕಳೆದು ಉಳಿದ 5.5 ಲಕ್ಷ ಸಗಟು ವ್ಯಾಪಾರಿಯ ಬಾಕಿಯಿಂದಲೋ ಬ್ಯಾಂಕಿನ ಸಾಲದಿಂದಲೋ ಬಂದಿರಬೇಕು. ಮನೆಖರ್ಚಿಗೆ ತೆಗೆದದ್ದು ಬೇರೆ. ಎರಡು ವರ್ಷ ಕಪಾಟಿನಲ್ಲೇ ಉಳಿದ ಸೀರೆಯನ್ನೂ ಕೊಂಡ ಬೆಲೆಗೇ ದಾಸ್ತಾನಿನಲ್ಲಿ ಬರೆದಿದ್ದರೆ ಆ ಲಾಭವೂ ಸಂಶಯಾಸ್ಪದವೇ.

ಸಣ್ಣ ವ್ಯಾಪಾರಿಗಳು ಆದಾಯ ತೆರಿಗೆಗಾಗಿ ನಗದು ಮಾರಾಟದ ಕನಿಷ್ಠ ಶೇಕಡಾ 8ನ್ನು, ಬ್ಯಾಂಕಿನ ಮೂಲಕ ಬಂದದ್ದರ ಶೇಕಡಾ 6ನ್ನು ಲಾಭವೆಂದು ತೋರಿಸುವ ಸೌಲಭ್ಯವಿದೆ. ಅದು ತೆರಿಗೆಯ ಅನುಕೂಲಕ್ಕಾಗಿ ಮಾಡಿದ ಅಂದಾಜು. ಅದನ್ನೇ ನಿಜವಾದ ಗಳಿಕೆಯೆಂದು ಭಾವಿಸಿ ಮಗಳ ಮದುವೆಯ ಖರ್ಚನ್ನು ನಿಶ್ಚಯಿಸಲಾಗದು.

ತಿಂಗಳುಗಳ ಹೋಲಿಕೆಯಲ್ಲೂ ಎಚ್ಚರ ಬೇಕು. 2022ರಲ್ಲಿ ದೀಪಾವಳಿ ಅಕ್ಟೋಬರ್ 24ರ ಸುಮಾರಿಗೆ, 2023ರಲ್ಲಿ ನವೆಂಬರ್ 12ರ ಸುಮಾರಿಗೆ ಬಂದಿತು. ಆ ಎರಡು ಅಕ್ಟೋಬರುಗಳನ್ನು ಹೋಲಿಸಿ, ವ್ಯಾಪಾರ ಬಿದ್ದಿತೆಂದು ಕೆಲಸದ ಹುಡುಗನನ್ನು ಬಿಡಿಸಿದರೆ ತಪ್ಪು ಪಂಚಾಂಗದ್ದಲ್ಲ. ಹಬ್ಬದ ವ್ಯಾಪಾರವನ್ನು ಹಬ್ಬದ ವ್ಯಾಪಾರದೊಡನೆಯೇ ಹೋಲಿಸಬೇಕು.

ನಮ್ಮ ಜವಳಿ ಅಂಗಡಿಯವರು ಹೊಸ ಸಾಲ ಕೇಳುವ ಮೊದಲು, ಉದ್ರಿಯ 9 ಲಕ್ಷದಲ್ಲಿ ಆರು ತಿಂಗಳು ಮೀರಿದ್ದೆಷ್ಟು ಎಂಬುದನ್ನು ಖತಾವಣಿಯಿಂದ ಹೆಸರು ಹೆಸರಾಗಿ ಬರೆದು ತೆಗೆಯಲಿ. 5 ಲಕ್ಷ ವಸೂಲಾದರೂ ಬಾಕಿಯ ಬಹುಪಾಲು ತೀರುತ್ತದೆ. ಅಲ್ಲಿಯವರೆಗೆ ಮನೆಯ ಪತ್ರ ಪೆಟ್ಟಿಗೆಯಲ್ಲೇ ಇರಲಿ.